ಪರದೆಯ ಬೆಳಕು, ಬಾಗಿಲ ಬೆಳಕು

ಅಮ್ಮ ತೀರಿಕೊಂಡ ಮೇಲೆ ಅವಳ ಫೋಟೊವನ್ನು ಮನೆಯ ಪ್ರಿಂಟರಿನಲ್ಲೇ ಪ್ರಿಂಟ್ ಹಾಕಲು ಕೂತೆ. ಕಂಪ್ಯೂಟರ್ ಪರದೆಯಲ್ಲಿ ಹೊಳೆಯುತ್ತಿದ್ದ ಮುಖ ಕಾಗದದ ಮೇಲೆ ಪ್ರತಿಸಲವೂ ಕಪ್ಪಿಟ್ಟು ಬರುತ್ತಿತ್ತು. ಇಂಕಿಗೆ ಬೈದೆ, ಕಾಗದಕ್ಕೆ ಬೈದೆ. ಆಲ್ದೂರಿನ ಫೋಟೊ ಸ್ಟುಡಿಯೋಗೆ ಫೋನ್ ಮಾಡಿದರೆ ಅವರು, "ನಿಮ್ಮ ಪರದೆನೇ ಜಾಸ್ತಿ ಬೆಳಗ್ತಿದೆ. ಪ್ರಿಂಟನ್ನ ಪಕ್ಕದಲ್ಲಿ ಹಿಡ್ಕೊಂಡು, ಎರಡೂ ಒಂದೇ ಥರ ಕಾಣೋವರೆಗೆ ಪರದೆಯ ಬ್ರೈಟ್‌ನೆಸ್ ಇಳಿಸಿ" ಎಂದರು. ಇಳಿಸಿದೆ. ಈಗ ಎರಡರಲ್ಲೂ ಅಮ್ಮ ಮಂಕಾದಳು.

ಅಮ್ಮ ಇದ್ದಾಗ, ಕಾಫಿ ಒಣಗಿತೇ ಎಂದು ಅಂಗಳದಲ್ಲಿ ಹರವಿದ ಪಾರ್ಚ್‌ಮೆಂಟ್ ಬೀಜ ಒಂದು ಹಿಡಿ ಒಳಗೆ ತಂದು ತೋರಿಸಿದರೆ ಅವಳು ನೋಡುತ್ತಲೇ ಇರಲಿಲ್ಲ. "ಒಳಗೆ ಬಣ್ಣ ಗೊತ್ತಾಗಲ್ಲ ಮಾರಾಯ, ಬಾಗಿಲಿಗೆ ತಗಂಡ್ ಬಾ" ಎನ್ನುತ್ತಿದ್ದಳು.

ಪ್ರಿಂಟನ್ನು ಬಾಗಿಲಿಗೆ ತಂದೆ. ಹಗಲ ಬೆಳಕಿಗೆ ಅವಳ ಮುಖ ತಿಳಿಯಾಯಿತು. "ಈಗ ಸರಿಯಿದೆ ನೋಡಮ್ಮ" ಎನ್ನುತ್ತ ಒಳಗೆ ತಿರುಗಿದೆ. ಅಲ್ಲಿ ಪರದೆಯೊಂದೇ ಉರಿಯುತ್ತಿತ್ತು.