ಗೂಳಪ್ಪ ತೂಗಿದ ಖಾಲಿ ಡಬ್ಬಿ

ಗೂಳಪ್ಪನವರು ಯಾವುದನ್ನೂ ಒಂದೇ ಸಲ ತೂಗಿ ಬಿಟ್ಟವರಲ್ಲ. ಇಂಡಿ ಕಡೆಯಿಂದ ಪುಣೆಗೆ ಬಂದ ಹೊಸತರಲ್ಲಿ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಲ್ಲಿ ಒಂಬತ್ತು ವರ್ಷ ತೂಕದ ಕೆಲಸ ಮಾಡಿದ್ದರು. ಅಲ್ಲಿ ಮಾಲು ತುಂಬಿದ ಚೀಲವನ್ನೊಮ್ಮೆ, ಬರಿದಾದ ಚೀಲವನ್ನೊಮ್ಮೆ ತೂಗಬೇಕು. ಹಡಪಸರದ ಬೂಟಿನ ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕ್ ಆದ ಮೇಲೂ ಆ ಚಾಳಿ ಬಿಡಲಿಲ್ಲ. ಬಂದ ಡಬ್ಬಿಯನ್ನೂ ತೂಗುವರು, ಖಾಲಿಯಾಗಿ ಹೋಗುವ ಡಬ್ಬಿಯನ್ನೂ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುವರು. ಯಾರೂ ಕೇಳದ ಲೆಕ್ಕ ಎಂದು ಉಳಿದವರು ನಗುತ್ತಿದ್ದರು.

ಕೇಳಲು ಹೋದವಳು ನಾನು. ಹೆಸರು ಇಂಪನಾ, ಊರು ತಿಪಟೂರು, ಕೆಲಸ ಪುಣೆಯ ಒಂದು ಸಲಹಾ ಕಂಪನಿಯಲ್ಲಿ. ಒಂದು ಜೋಡಿ ಬೂಟು ತಯಾರಾಗುವಾಗ ಗಾಳಿಗೆ, ನೀರಿಗೆ, ನೆಲಕ್ಕೆ ಎಷ್ಟು ಕೇಡಾಗುತ್ತದೆ ಎಂಬುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತಿತ್ತು. ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಸಮಿತಿಯೊಂದು ಕೂತಿತು. ಅಳತೆಯ ಹಾಳೆ ಸಿದ್ಧಮಾಡಿದ್ದು ನಮ್ಮ ತಂಡ. ಮೊದಲು ಅದರಲ್ಲಿ ಮುನ್ನೂರು ಸಾಲುಗಳಿದ್ದವು, ಸಣ್ಣ ಕಾರ್ಖಾನೆಯವರು ನೋಡಿಯೇ ಕೈ ಮುಗಿದರು. ಆಗ ನಾನೇ ಒಂದು ಉಪಾಯ ಹೇಳಿದೆ: ತಯಾರಾದ ಬೂಟಿನ ತೂಕದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಸಾಮಾನನ್ನು ಬರೆಯಬೇಕಾಗಿಲ್ಲ. ಮುನ್ನೂರು ಸಾಲು ನಲವತ್ತಕ್ಕಿಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಉಬ್ಬಿಹೋದೆ.

ಆ ನಲವತ್ತು ಸಾಲು ತುಂಬಿಸಿಕೊಳ್ಳಲು ಹೋದ ದಿನ ಹಡಪಸರದ ಸ್ಟೋರಿನಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದೆ. ಅಲ್ಲಿಯವರೆಗೆ ಮರಾಠಿಯಲ್ಲಿ ತೂಗಿ ತೂಗಿ ಉತ್ತರ ಕೊಡುತ್ತಿದ್ದ ಗೂಳಪ್ಪನವರು ಕುರ್ಚಿ ಹತ್ತಿರ ಎಳೆದುಕೊಂಡರು.

“ನಮ್ಮವರೇ ಅದೀರಲ್ರಿ ಮೇಡಂ. ಹಂಗಾದ್ರ ಒಂದು ಮಾತು ಕೇಳತೀನಿ. ಜೋಡಿ ಬೂಟಿಗೆ ಮೂವತ್ತು ಗ್ರಾಂ ಸೊಲ್ಯೂಶನ್ ಹತ್ತತದ. ಒಣಗಿದ ಮ್ಯಾಲ ಬೂಟಿನ್ಯಾಗ ಉಳಿಯೂದು ಏಳು ಗ್ರಾಂ. ಇಪ್ಪತ್ಮೂರು ಗ್ರಾಂ ಎಲ್ಲಿ ಹೋತು?”

ಸೊಲ್ಯೂಶನ್ ಎಂದರೆ ಅಟ್ಟೆ ಅಂಟಿಸುವ ಗೋಂದು.

“ಗಾಳಿಗೆ ಹೋಗುತ್ತೆ ಅಂಕಲ್,” ಎಂದೆ.

“ಯಾವ ಗಾಳಿಗೆ, ಬರ್ರಿ ತೋರಸ್ತೀನಿ.”

ಹಿಂದಿನ ಕೋಣೆಯಲ್ಲಿ ಹನ್ನೆರಡು ಹೆಂಗಸರು ಉದ್ದ ಮೇಜಿನ ಸುತ್ತ ಕೂತು ಬ್ರಶ್ಶಿನಿಂದ ಸೊಲ್ಯೂಶನ್ ಹಚ್ಚುತ್ತಿದ್ದರು. ಬೇಸಿಗೆಯಲ್ಲೂ ಫ್ಯಾನ್ ಬಂದ್. ಗಾಳಿ ತಗಲಿದರೆ ಸೊಲ್ಯೂಶನ್ ಬೇಗ ಒಣಗಿ ಕೆಡುತ್ತದಂತೆ. ಐದೇ ನಿಮಿಷಕ್ಕೆ ನನಗೆ ತಲೆ ಸುತ್ತಿತು. ಮೂಲೆಯಲ್ಲಿದ್ದ ಹೆಂಗಸನ್ನು ತೋರಿಸಿ ಗೂಳಪ್ಪನವರು, “ನಮ್ಮ ಮನಿಯವ್ರು, ಶಿವಬಸವ್ವ. ಹದಿನಾಲ್ಕು ವರ್ಷಾತು ಇಲ್ಲೇ ಕುಂತು,” ಎಂದರು.

ಹಿಂದಿನ ತಿಂಗಳು ಶಿವಬಸವ್ವ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಿದ್ದರು. ಇನ್ನೊಂದು ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು, ಕಾಲಿಗೆ ಗೊತ್ತೇ ಆಗಿರಲಿಲ್ಲ. ಸೊಲ್ಯೂಶನ್ನಿನ ಆವಿಗೆ ಪಾದದ ನರಗಳು ಸಾಯುತ್ತಿವೆ, ಆ ಕೆಲಸ ಬಿಡಿಸಿ ಎಂದು ಡಾಕ್ಟರು ಹೇಳಿದರು. ಮಾಲೀಕರನ್ನು ಕೇಳಿದರೆ, ಅಂಥ ಆವಿ ಬಿಡದ, ನೀರಿನಲ್ಲಿ ಕಲಸುವ ಸೊಲ್ಯೂಶನ್ ಬಂದಿದೆ, ಆದರೆ ಬೂಟು ಕೊಳ್ಳುವ ಪರದೇಶದವರು ಬೇಕೆಂದರೆ ಮಾತ್ರ ತರಿಸುತ್ತೇನೆ ಎಂದರು. ಆ ಪರದೇಶದವರಿಗೆ ಹೇಳುವ ದಾರಿ ಗೂಳಪ್ಪನವರಿಗೆ ಒಂದೇ ಕಂಡಿತು. ಅದು ಅವರ ಕೈಸೇರುವ ನನ್ನ ಹಾಳೆ.

“ಅದರಾಗ ಒಂದು ಸಾಲು ಬರೀರಿ, ಸಾಕು. ಇಪ್ಪತ್ಮೂರು ಗ್ರಾಂ, ದಿನಾ ಆರನೂರು ಜೋಡಿ. ಓದಿದವ್ರು ಕೇಳೇ ಕೇಳ್ತಾರ.”

ಬರೆದುಕೊಂಡು ಬಂದೆ. ಆಫೀಸಿಗೆ ಬಂದು ಲೆಕ್ಕ ಹಾಕಿದೆ: ಜೋಡಿ ಬೂಟಿನ ತೂಕ ಎಂಟುನೂರು ಗ್ರಾಂ, ಅದರಲ್ಲಿ ಸೊಲ್ಯೂಶನ್ ಏಳು. ನೂರಕ್ಕೆ ಒಂದು ಪಾಲೂ ಆಗಲಿಲ್ಲ. ನಾನೇ ಮಾಡಿದ ನಿಯಮ, ನನ್ನ ಕೈಯಿಂದಲೇ ಆ ಸಾಲನ್ನು ಅಳಿಸಿದೆ. ಬೂಟಿನಲ್ಲಿ ಉಳಿದದ್ದನ್ನು ಅಳೆಯುವ ಜಾಣತನ ನನಗಿತ್ತು, ಉಳಿಯದೆ ಹೋದದ್ದನ್ನು ಅಳೆಯುವ ಬುದ್ಧಿ ಇರಲಿಲ್ಲ. ಎಂಟನೇ ತರಗತಿಗೆ ಶಾಲೆ ಬಿಟ್ಟ ಮನುಷ್ಯನಿಗೆ ಅದಿತ್ತು.

“ರೂಲ್ ಹಾಗಿದೆ ಅಂಕಲ್, ನಾನೇನೂ ಮಾಡಕ್ಕಾಗಲ್ಲ,” ಎಂದು ಫೋನಿನಲ್ಲಿ ಹೇಳಿದೆ. ರೂಲ್ ಯಾರದೆಂದು ಹೇಳಲಿಲ್ಲ.

ಅವರು ಜಗಳಾಡಲಿಲ್ಲ. ಪ್ರತಿ ಸೋಮವಾರ ಒಂದು ಫೋಟೊ ಕಳಿಸತೊಡಗಿದರು: ತೂಕದ ಕಾಟಾದ ಮೇಲೆ ತುಂಬಿದ ಡಬ್ಬಿ, ಪಕ್ಕದಲ್ಲಿ ಅದೇ ಡಬ್ಬಿ ಖಾಲಿಯಾದದ್ದು. ಒಂದಕ್ಷರ ಬರೆಯುತ್ತಿರಲಿಲ್ಲ. ಹದಿನೇಳು ಸೋಮವಾರ ನೋಡಿದೆ. ಹದಿನೆಂಟನೆಯದು ಬಂದ ದಿನ ಊಟದ ತಟ್ಟೆ ಬಿಟ್ಟು ಎದ್ದೆ. ಆ ಫೋಟೊಗಳನ್ನೆಲ್ಲ ಒಟ್ಟುಮಾಡಿ ಸಮಿತಿಯ ಮುಂದಿಟ್ಟೆ. ಎಂಟು ತಿಂಗಳು ಎಳೆದಾಡಿದರು, ಕೊನೆಗೆ ಒಪ್ಪಿದರು. ಕಾರ್ಖಾನೆಯೊಳಗೆ ಆವಿಯಾಗಿ ಹೋಗುವ ಪ್ರತಿ ಗ್ರಾಮನ್ನೂ ಇನ್ನು ಮೇಲೆ ಬರೆಯಲೇಬೇಕು ಎಂದಾಯಿತು.

ಗೂಳಪ್ಪನವರಿಗೆ ಫೋನ್ ಮಾಡಿ ಹೇಳಿದೆ. “ಭಾಳ ಛಲೋ ಆತ್ರಿ, ಭಾಳ ಛಲೋ ಆತು,” ಎಂದಷ್ಟೇ ಅಂದರು.

ಮುಂದಿನ ವರ್ಷ ಅವರ ಕಾರ್ಖಾನೆಯ ಹಾಳೆ ಬಂತು. ಆ ಸಾಲಿನಲ್ಲಿ ಸೊನ್ನೆ. ಎಲ್ಲ ಕಾರ್ಖಾನೆಗಳಿಗಿಂತ ಇವರದೇ ಕೇಡು ಕಡಿಮೆ ಎಂದಾಗಿ ಪ್ರಮಾಣಪತ್ರವೂ ಹೋಯಿತು. ನೀರಿನ ಸೊಲ್ಯೂಶನ್ ತರಿಸಿದರಲ್ಲ ಎಂದು ನಾನು ಹಿಗ್ಗಿದೆ. ಆದರೆ ಸೋಮವಾರದ ಫೋಟೊಗಳು ನಿಂತುಹೋಗಿದ್ದವು. ಒಂದು ಭಾನುವಾರ ವಿಳಾಸ ಕೇಳಿಕೊಂಡು ಕೊಂಢವಾದಲ್ಲಿದ್ದ ಅವರ ಮನೆಗೆ ಹೋದೆ.

ಗಲ್ಲಿಗೆ ಕಾಲಿಟ್ಟಾಗಲೇ ವಾಸನೆ ಬಂತು. ಒಂದೇ ಕೋಣೆಯ ಮನೆ, ಪಕ್ಕದವರು ತಕರಾರು ಮಾಡುತ್ತಾರೆಂದು ಕಿಟಕಿ ಮುಚ್ಚಿತ್ತು. ಶಿವಬಸವ್ವ ಕಾಲು ಚಾಚಿ ನೆಲದ ಮೇಲೆ ಕೂತಿದ್ದರು. ಒಂದು ಬದಿಗೆ ಅಟ್ಟೆಗಳ ರಾಶಿ, ಇನ್ನೊಂದು ಬದಿಗೆ ಅದೇ ಡಬ್ಬಿ, ಕೈಯಲ್ಲಿ ಅದೇ ಬ್ರಶ್ಶು. ಕಾರ್ಖಾನೆಯೊಳಗಿನದನ್ನು ಬರೆಯಬೇಕಾದಾಗ ಮಾಲೀಕರು ಸೊಲ್ಯೂಶನ್ ಬದಲಿಸಲಿಲ್ಲ, ಜಾಗ ಬದಲಿಸಿದರು. ಹನ್ನೆರಡೂ ಹೆಂಗಸರ ಮನೆಗೆ ಟೆಂಪೋದಲ್ಲಿ ಮಾಲು ಬರುತ್ತಿತ್ತು. ಹೊರಗೆ ಕೊಟ್ಟ ಕೆಲಸವನ್ನು ಯಾರೂ ಅಳೆಯುವುದಿಲ್ಲ, ಅದಕ್ಕೆ ನಮ್ಮ ಹಾಳೆಯಲ್ಲಿ ಒಂದು ಸರಾಸರಿ ಅಂಕಿ ಇದೆ. ಯಂತ್ರಗಳಿಂದಲೇ ಅಂಟಿಸುವ ದೊಡ್ಡ ಕಾರ್ಖಾನೆಯೊಂದರಿಂದ ಆ ತೀರಾ ಸಣ್ಣ ಅಂಕಿಯನ್ನು ತಂದು ಕೂರಿಸಿದವಳೂ ನಾನೇ.

“ಬಾ ಯವ್ವಾ, ಕುಂಡ್ರು,” ಎಂದು ಶಿವಬಸವ್ವ ಗೋಡೆ ಹಿಡಿದು ಎದ್ದರು. ಚಹಾ ತರಲು ಹೋಗಿ ಬಂದ ದಾರಿಯುದ್ದಕ್ಕೂ ನೆಲದ ಮೇಲೆ ರಕ್ತದ ಗುರುತು. ಬೂಟಿನ ಸಣ್ಣ ಮೊಳೆಯೊಂದು ಅಂಗಾಲಿಗೆ ನೆಟ್ಟಿತ್ತು. ಅವರಿಗೆ ತಿಳಿದಿರಲಿಲ್ಲ. ಗೂಳಪ್ಪನವರು ಅವರನ್ನು ಕೂರಿಸಿ, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೊಳೆ ಕಿತ್ತರು. ಶಿವಬಸವ್ವ ನನ್ನ ಕಡೆ ನೋಡುತ್ತ, “ಸಕ್ರಿ ಸಾಕಾತೇನ?” ಎಂದು ಕೇಳುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. “ಅಂಕಲ್, ಮೊದಲಿನ ಆ ರೂಲ್ ಮಾಡಿದ್ದು ನಾನೇ. ನಿಮ್ಮ ಸಾಲು ಅಳಿಸಿದ್ದೂ ನಾನೇ.”

“ಗೊತ್ತದರಿ. ಹಾಳಿ ಕೆಳಗ ನಿಮ್ಮ ಹೆಸರು ಇತ್ತಲ್ಲ. ಅದಕ್ಕ ನಿಮಗ ಫೋಟೋ ಕಳಸ್ತಿದ್ದೆ. ನೀವು ತಿದ್ದಿದ್ರಿ, ಸುಳ್ಳ್ಯಾಕ ಹೇಳಲಿ.”

ಮನೆಯಲ್ಲೂ ಅವರದೊಂದು ಕಾಟಾ ಇತ್ತು, ಕಪಾಟಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು. ನಾನು ಬ್ಯಾಗಿನಿಂದ ಪೆನ್ನು ತೆಗೆದೆ. “ಮನೆಗಳಲ್ಲಿ ಆಗೋದನ್ನೂ ಸೇರಿಸಿ ಅಂತ ಸಮಿತಿಯಲ್ಲಿ ಮತ್ತೆ ಕೇಳ್ತೀನಿ. ಈ ಡಬ್ಬಿ ಒಂದು ಸಲ ತೂಗಿ ಕೊಡಿ ಅಂಕಲ್.”

ಗೂಳಪ್ಪನವರು ಹೆಂಡತಿಯ ಅಂಗಾಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಇದ್ದರು.

“ಬ್ಯಾಡ್ರಿ. ಅಲ್ಲಿ ತೂಗಿದೆ, ಮನಿಗೆ ಬಂತು. ಇಲ್ಲಿ ತೂಗಿದ್ರ ಮತ್ತ ಯಾರ ಮನಿಗೆ ಹೋಗತದೋ.”