ಪಿಂಕಿಗೊಂದು ಸೀಟು, ಶೈಲಾಗೊಂದು ಸೀಟು

ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಬ್ಲೌಸ್ ಹೊಲಿಸಬೇಕೆಂದರೆ ಜನ ಶಿವದೇವಿಯ ಮನೆ ಕೇಳಿಕೊಂಡು ಬರುತ್ತಾರೆ. ಹುಮನಾಬಾದ್ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಆಕೆಗೆ ತೆಲುಗಿನಲ್ಲಿ ‘ಎಂತ’ ಅಂದರೆ ‘ಎಷ್ಟು’ ಎಂಬುದೊಂದು ಬಿಟ್ಟರೆ ಬೇರೆ ಮಾತು ಗೊತ್ತಿರಲಿಲ್ಲ. ಗಂಡ ಸೂರ್ಯಕಾಂತ ರೈಲ್ವೆಯಲ್ಲಿ ಬೋಗಿಗಳ ಫ್ಯಾನು, ದೀಪ, ವಯರಿಂಗ್ ನೋಡಿಕೊಳ್ಳುವ ನೌಕರ. ಆತ ಡ್ಯೂಟಿಗೆ ಹೋದ ಮೇಲೆ ಶಿವದೇವಿ ಆ ಒಂದೇ ಮಾತು ಹಿಡಿದುಕೊಂಡು ತರಕಾರಿ ಗಾಡಿಯವರ ಜೊತೆ ಚೌಕಾಸಿ ಮಾಡುತ್ತ, ತಪ್ಪು ಆಡಿ ನಗಿಸಿಕೊಳ್ಳುತ್ತ, ತಾನೂ ನಗುತ್ತ, ಈಗ ಗಲ್ಲಿಯ ಜಗಳವನ್ನೂ ತೆಲುಗಿನಲ್ಲೇ ಬಿಡಿಸುವಷ್ಟಾಗಿದ್ದಾಳೆ. ಮನೆಯೊಳಗೆ ಮಾತ್ರ ಊರಿನ ಕನ್ನಡ.

ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಶೈಲಶ್ರೀ, ಮನೆಯವರ ಬಾಯಲ್ಲಿ ಶೈಲಾ, ಆಕೆಯ ಹೊಟ್ಟೆಯಲ್ಲಿ ಹುಟ್ಟಿದವಳು. ಪಿಂಕಿ, ಸೂರ್ಯಕಾಂತನ ತಂಗಿ ಗುಣವತಿಯ ಮಗಳು. ಗುಣವತಿ ಡೆಂಗ್ಯೂ ಜ್ವರದಲ್ಲಿ ತೀರಿಕೊಂಡಾಗ ಪಿಂಕಿಗೆ ಐದು ತುಂಬಿರಲಿಲ್ಲ. ಅವಳ ಅಪ್ಪ ಕಲ್ಲೇಶ ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡುವವ. ಹೆಂಡತಿಯ ಮಣ್ಣು ಮುಗಿದ ಮೇಲೆ ಅವನು ಮಗಳ ಬಟ್ಟೆಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಬಂದು ಬಾಗಿಲಲ್ಲಿ ನಿಂತ. “ಅಕ್ಕಾರ, ನನ್ನ ಕಡಿಂದ ಆಗವಲ್ದರಿ” ಅಂದ. ಶಿವದೇವಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಮುಂದೆ ಕಲ್ಲೇಶ ಇನ್ನೊಂದು ಮದುವೆಯಾದ. ಕೆಲವು ವರ್ಷ ದಸರೆಗೆ ಬಟ್ಟೆ ಕಳಿಸಿದ. ಆಮೇಲೆ ಅದೂ ನಿಂತಿತು.

ಶಾಲೆಗೆ ಸೇರಿಸುವಾಗ ಟೀಚರು ಹೆಸರೇನು ಎಂದು ಕೇಳಿದರೆ ಸೂರ್ಯಕಾಂತ ಗಡಿಬಿಡಿಯಲ್ಲಿ “ಪಿಂಕಿ” ಅಂದುಬಿಟ್ಟ. ಹಾಗಾಗಿ ಇಂಟರ್, ಅಂದರೆ ಪಿಯುಸಿ, ಮಾರ್ಕ್ಸ್ ಕಾರ್ಡಿನಲ್ಲೂ ಅವಳು ಪಿಂಕಿಯೇ. ಇಬ್ಬರೂ ಒಂದೇ ವಾರಿಗೆಯವರು. ಒಂದೇ ತರಗತಿ, ಒಂದೇ ಬೆಂಚು, ಒಂದೇ ಹಾಸಿಗೆ. ಶೈಲಾ ಲೆಕ್ಕದಲ್ಲಿ ಜಾಣೆ. ಪಿಂಕಿ ಹೊಲಿಗೆ ಮಷೀನಿನ ಕೆಳಗೆ ಬಿದ್ದ ತುಂಡುಬಟ್ಟೆ ಆರಿಸುತ್ತ ಬೆಳೆದವಳು. ಯಾವ ಬಣ್ಣದ ಪಕ್ಕ ಯಾವ ಬಣ್ಣ ಇಟ್ಟರೆ ಕಣ್ಣು ಅಲ್ಲಿ ನಿಲ್ಲುತ್ತದೆ ಎಂಬುದು ಅವಳಿಗೆ ಯಾರೂ ಹೇಳಿಕೊಡದೆ ಬಂದಿತ್ತು.

ಇಂಟರ್ ಮುಗಿದ ವರ್ಷ ಇಬ್ಬರೂ ಶಂಶಾಬಾದ್ ಆಚೆಯ ಒಂದು ಹೊಸ ಖಾಸಗಿ ಯೂನಿವರ್ಸಿಟಿಯ ಪರೀಕ್ಷೆ ಬರೆದರು. ಇಬ್ಬರಿಗೂ ಸೀಟು ಸಿಕ್ಕಿತು. ಶೈಲಾಗೆ ಸಂಖ್ಯಾಶಾಸ್ತ್ರ, ಪಿಂಕಿಗೆ ವಸ್ತ್ರ ವಿನ್ಯಾಸ. ಶೈಲಾಗೆ ನಗರದೊಳಗಿನ ಕೋಠಿಯ ಸರ್ಕಾರಿ ಮಹಿಳಾ ಕಾಲೇಜಿನಲ್ಲೂ ಅದೇ ವಿಷಯಕ್ಕೆ ಸೀಟು ಬಂತು. ಪಿಂಕಿಗೆ ಇದೊಂದು ಬಿಟ್ಟರೆ ಮನೆಯ ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ. ಮಾತ್ರ.

ಖಾಸಗಿಯವರ ಫೀಸು ನೋಡಿ ಸೂರ್ಯಕಾಂತ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. “ಒಬ್ಬಾಕಿಗೆ ಕಟ್ಟೂದಂದ್ರ ನನ್ನ ಪಗಾರ ಮುಕ್ಕಾಲು ಹೋಗ್ತೈತಿ. ಇಬ್ಬರಿಗೂ ಅಂದ್ರ ನಾವು ಗಾಳಿ ಕುಡದು ಇರಬೇಕು” ಅಂದ.

“ಫೀಸು ಕಮ್ಮಿ ಮಾಡೂದೂ ಐತಂತಲ್ಲರಿ, ಹೋಗಿ ಕೇಳಿ ಬರೂಣು” ಅಂದಳು ಶಿವದೇವಿ.

ಹೋದರು. ವಿಮಾನಗಳು ತಲೆ ಸವರಿಕೊಂಡೇ ಇಳಿಯುವಂತೆ ಕಾಣುವ ಬಯಲಿನಲ್ಲಿ ಗಾಜಿನ ಕಟ್ಟಡಗಳು. ಫೀಸು ರಿಯಾಯಿತಿಯ ಕೋಣೆಯಲ್ಲಿದ್ದ ಮೇಡಂ ಸಮಾಧಾನದ ಹೆಂಗಸು. ಶಿವದೇವಿಗೆ ತಿಳಿಯಲಿ ಎಂದು ಇಂಗ್ಲಿಷ್ ಬಿಟ್ಟು ತೆಲುಗಿನಲ್ಲೇ ಹೇಳಿದಳು. ರಿಯಾಯಿತಿ ಮನೆಯ ಆದಾಯ ನೋಡಿ ಕೊಡುವುದು. ಸೂರ್ಯಕಾಂತನ ರೈಲ್ವೆ ಸಂಬಳಕ್ಕೆ ಕಾಲು ಭಾಗ ಮಾತ್ರ ಮಾಫಿ. ಆಮೇಲೆ ಎರಡೂ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, “ಅಕ್ಕತಂಗಿಯರಲ್ಲವೇ? ಅಪ್ಪನ ಹೆಸರು ಬೇರೆ ಇದೆ” ಅಂದಳು.

“ಇಬ್ಬರೂ ನನ್ನ ಮಕ್ಕಳೇ” ಅಂದಳು ಶಿವದೇವಿ. ಆಮೇಲೆ ಇದ್ದ ಸಂಗತಿ ಹೇಳಿದಳು.

ಮೇಡಂ ಕೇಳಿಸಿಕೊಂಡು ನಿಯಮಗಳ ಹಾಳೆ ತೆಗೆದು ನೋಡಿದಳು. “ನೀವು ಕಾನೂನು ಪ್ರಕಾರ ದತ್ತು ತೆಗೆದುಕೊಂಡಿಲ್ಲ. ಹುಡುಗಿಯ ತಂದೆ ಬದುಕಿದ್ದಾರೆ. ಹಾಗಿದ್ದರೆ ನಮ್ಮ ನಿಯಮದಲ್ಲಿ ಲೆಕ್ಕಕ್ಕೆ ಬರುವುದು ಅವರ ಆದಾಯ. ಅದು ಕಡಿಮೆ ಇದ್ದರೆ ಈಕೆಗೆ ಫೀಸು ಬಹುತೇಕ ಮಾಫಿಯಾಗುತ್ತದೆ. ಆದಾಯ ಪ್ರಮಾಣಪತ್ರಕ್ಕೂ ಒಪ್ಪಿಗೆಗೂ ಅವರೇ ಬೇಕು. ತಿಂಗಳ ಕೊನೆಯೊಳಗೆ ತನ್ನಿ” ಅಂದಳು. ಈ ದಾರಿಯನ್ನು ಅವಳು ಹೇಳದೆ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಶಿವದೇವಿ ಆ ಹೆಂಗಸಿಗೆ ಕೈಮುಗಿದು ಎದ್ದಳು.

ವಾಪಸ್ ಬರುವ ಬಸ್ಸಿನಲ್ಲಿ ಸೂರ್ಯಕಾಂತ ಕಿಟಕಿಯ ಕಡೆ ತಿರುಗಿ ಕೂತ. “ಇದ್ದಾನೊ ಸತ್ತಾನೊ ಅಂತ ನಾವೂ ಕೇಳಲಿಲ್ಲ. ಈಗ ಯಾವ ಮುಖ ತಗೊಂಡು ಹೋಗೂದು?” ಅಂದ.

ಶಿವದೇವಿಗೆ ಬೇರೆಯೇ ಒಂದು ಮುಳ್ಳು ಚುಚ್ಚುತ್ತಿತ್ತು. ಕಲ್ಲೇಶ ಒಪ್ಪಿದರೆ ಪಿಂಕಿ ಆ ಗಾಜಿನ ಕಟ್ಟಡಕ್ಕೆ ಹೋಗುತ್ತಾಳೆ. ಶೈಲಾ? ಇಷ್ಟು ವರ್ಷ ಎರಡು ತಟ್ಟೆಗೂ ಒಂದೇ ಸೌಟಿನಿಂದ ಬಡಿಸಿದವಳಿಗೆ, ಇವತ್ತು ಮನಸ್ಸು ‘ನನ್ನ ಮಗಳು’ ಎಂದು ಒಂದೇ ಕಡೆ ಎಳೆಯಿತು. ಹಾಗೆ ಎಳೆದದ್ದಕ್ಕೆ ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು.

ಸುದ್ದಿ ತಿಳಿದು ಆಕೆಯ ಅಣ್ಣ ಚನ್ನಬಸಪ್ಪ ಊರಿನಿಂದ ಫೋನ್ ಮಾಡಿದ. “ಹುಚ್ಚಿ ಆಗಬ್ಯಾಡ ಶಿವಿ. ಹೊಟ್ಟ್ಯಾಗ ಹುಟ್ಟಿದ ಹುಡುಗಿ ಸರ್ಕಾರಿ ಕಾಲೇಜಿಗೆ, ನಾದಿನಿ ಮಗಳು ಅರಮನಿಗೆ? ಆಕಿಗೆ ಬಿ.ಕಾಂ. ಮಾಡಿಸಿ ಒಂದು ಗಂಡು ನೋಡಿ ಕೊಡು. ಇದ್ದ ಬಲ ಎಲ್ಲಾ ಶೈಲಾಗ ಹಾಕು.”

ಫೋನ್ ಸ್ಪೀಕರಿನಲ್ಲಿತ್ತು. ಪಿಂಕಿ ಅಲ್ಲೇ ಗುಂಡಿ ಹಚ್ಚುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಸೂಜಿ ಮಾತ್ರ ನಿಂತಿತು. ಶಿವದೇವಿ ಫೋನ್ ಕೈಗೆತ್ತಿಕೊಂಡು, “ಅಣ್ಣಾ, ನೀ ಹಿರಿಯ. ನಿನಗ ಎದುರು ಮಾತಾಡಂಗಿಲ್ಲ. ಆದ್ರ ನಾದಿನಿ ಮಗಳು ಅನಬ್ಯಾಡ. ನಮ್ಮನ್ಯಾಗ ಆ ಹೆಸರಿನಾಕಿ ಯಾರೂ ಇಲ್ಲ” ಅಂದು ಇಟ್ಟಳು.

ಆ ಸಂಜೆ ಆಕೆ ರೊಟ್ಟಿ ಬಡಿಯುವಾಗ ಶೈಲಾ ಬಂದು ಪಕ್ಕ ಕೂತಳು. “ಅಮ್ಮಾ, ನಾ ಕೋಠಿಗೇ ಹೋಗ್ತೀನಿ.”

“ಪಿಂಕಿ ಸಲುವಾಗಿ ಏನು?”

“ಸ್ವಲ್ಪ ಅದೂ ಹೌದು. ಆದ್ರ ಖರೇ ಹೇಳ್ತೀನಿ ಕೇಳು. ಲೆಕ್ಕಕ್ಕ ಏನು ಬೇಕು? ಒಂದು ಬೋರ್ಡು, ಛಲೊ ಮಾಸ್ತರು. ಅವು ಕೋಠಿಯಾಗೂ ಅದಾವು. ಪಿಂಕಿಗೆ ಮಗ್ಗ ಬೇಕು, ಬಣ್ಣ ಹಾಕೂ ಜಾಗ ಬೇಕು. ಅದನ್ನ ಬಿ.ಕಾಂ. ಓದಿ ಎಲ್ಲಿಂದ ತರ್ತಾಳ? ಮತ್ತ ಅಪ್ಪ ಪಿಎಫ್ ಸಾಲ ತಗದು ನನಗ ಫೀಸು ಕಟ್ಟಿದ್ರ, ನಾ ಪ್ರತಿ ಪರೀಕ್ಷಿ ಅಂಜಿಕೊಂತ ಬರೀಬೇಕಾಗ್ತೈತಿ.”

ಶಿವದೇವಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದ ಮೇಲೆ ತಿರುವಿದಳು.

ಮರುದಿನವೇ ಆಕೆ ಒಬ್ಬಳೇ ಜಹೀರಾಬಾದಿನ ಬಸ್ಸು ಹತ್ತಿದಳು. ಸೂರ್ಯಕಾಂತನಿಗೆ ರಜೆ ಇರಲಿಲ್ಲ. ಇದ್ದಿದ್ದರೂ ಅವನು ಹೋದರೆ ಹಳೆಯ ಸಿಟ್ಟು ಮೊದಲು ಮಾತಾಡುತ್ತದೆ ಎಂದು ಆಕೆಗೆ ಗೊತ್ತಿತ್ತು.

ಹೆದ್ದಾರಿಯ ಬದಿಯಲ್ಲಿ ತಗಡಿನ ಶೆಡ್ಡು. ಕಿಡಿ ಹಾರಿಸುತ್ತಿದ್ದ ಮನುಷ್ಯ ಮುಖದ ಗಾಜು ಸರಿಸಿದಾಗ ಕಲ್ಲೇಶ ಎಂದು ತಿಳಿಯಿತು. ಕೂದಲು ಹಣ್ಣಾಗಿತ್ತು. ಅವನು ಆಕೆಯನ್ನು ಕಂಡವನೇ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, “ಅಕ್ಕಾರ… ಪಿಂಕಿ ಆರಾಮ ಅದಾಳಲ್ಲರಿ?” ಅಂದ. ಇಷ್ಟು ವರ್ಷಗಳ ಮೇಲೆ ಬಾಯಿಗೆ ಬಂದ ಮೊದಲ ಮಾತು ಅದು. ಶಿವದೇವಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಬಿರುಸು ಅರ್ಧ ಅಲ್ಲೇ ಇಳಿಯಿತು.

ಶೆಡ್ಡಿನ ಹಿಂದೆಯೇ ಮನೆ. ಅವನ ಎರಡನೆಯ ಹೆಂಡತಿ ದಾನೇಶ್ವರಿ ಚಹಾ ತಂದು ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಶಿವದೇವಿ ಬಂದ ಕಾರಣ ಬಿಡಿಸಿ ಹೇಳಿದ ಮೇಲೆ ಆ ಹೆಣ್ಣುಮಗಳು ದೊಡ್ಡದಾಗಿ ಉಸಿರು ಬಿಟ್ಟಳು. “ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ನಿಮ್ಮನ್ನ ನೋಡಿದ ಕೂಡ್ಲೆ ನನಗ ಹೆದರಿಕಿ ಆತು. ಹುಡುಗೀನ ವಾಪಸ್ ಬಿಡಾಕ ಬಂದೀರಿ ಅನಕೊಂಡೆ.”

“ಬಿಡೂದೇನವ್ವ, ನೀವು ಕೇಳಿದ್ರೂ ನಾ ಕೊಡಂಗಿಲ್ಲ” ಅಂದಳು ಶಿವದೇವಿ. ಮೂವರೂ ನಕ್ಕರು.

ದಾನೇಶ್ವರಿ ಗಂಡನ ಕಡೆ ತಿರುಗಿ, “ಕೆಲಸ ನಾಳಿಗಿರಲಿ. ಅಂಗಿ ಬದಲ್ ಮಾಡ್ರಿ, ಅಕ್ಕಾರ ಜೋಡಿ ಹೋಗ್ರಿ” ಅಂದಳು.

ಸರ್ಕಾರಿ ಪ್ರಮಾಣಪತ್ರಗಳಿಗೆ ಅರ್ಜಿ ಹಾಕುವ ಮೀಸೇವಾ ಕೇಂದ್ರದಲ್ಲಿ ಕಂಪ್ಯೂಟರಿನ ಹುಡುಗಿ ವರ್ಷದ ಆದಾಯ ಕೇಳಿದಾಗ ಕಲ್ಲೇಶ ಒಂದು ದೊಡ್ಡ ಮೊತ್ತ ಹೇಳಿದ. ಆ ತಗಡಿನ ಶೆಡ್ಡು, ಆ ಮನೆ ನೋಡಿ ಬಂದ ಶಿವದೇವಿಗೆ ಅದು ಸುಳ್ಳೆಂದು ತಿಳಿಯದೆ ಇರುತ್ತದೆಯೇ? “ಒಂದು ಮಿನಿಟ್ ನಿಲ್ಲಮ್ಮಾ” ಎಂದು ಹುಡುಗಿಗೆ ತೆಲುಗಿನಲ್ಲಿ ಹೇಳಿ, ಅವನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಬಂದಳು.

“ಅಣ್ಣಾರ, ಅಷ್ಟು ಗಳಿಸ್ತೀರೇನು?”

ಅವನು ಸುಟ್ಟ ಗುರುತುಗಳಿದ್ದ ಬೆರಳುಗಳನ್ನು ನೋಡಿಕೊಂಡ. “ಇಲ್ಲರಿ. ಅದರ ಅರ್ಧನೂ ಇಲ್ಲ.”

“ಮತ್ತ ಯಾಕ ಹಂಗ ಹೇಳಿದ್ರಿ? ಹೆಚ್ಚು ಬರದ್ರ ಆಕಿಗೆ ಮಾಫಿ ಸಿಗಂಗಿಲ್ಲ.”

“ಆ ಕಾಗದ ಪಿಂಕಿ ಓದ್ತಾಳಲ್ಲರಿ” ಅಂದ ಕಲ್ಲೇಶ. ದನಿ ಸಣ್ಣದಾಯಿತು. “ಅಪ್ಪ ಅಂದ್ರ ಇಷ್ಟರ ಮನಷಾ ಏನು ಅಂತ… ಅದೊಂದು ಗೊತ್ತಾಗಬಾರದು ಅನಿಸಿತ್ರಿ.”

ಈ ಮನುಷ್ಯ ಮಗಳನ್ನು ಮರೆತಿದ್ದಾನೆ ಎಂದೇ ಶಿವದೇವಿ ತಿಳಿದಿದ್ದಳು. ಮಗಳ ಕಣ್ಣಲ್ಲಿ ಸಣ್ಣವನಾಗುತ್ತೇನೆ ಎಂಬ ಅಂಜಿಕೆಯಲ್ಲೇ ಇವನು ದೂರ ಉಳಿದಿದ್ದಾನೆ ಎಂದು ಆಗ ಹೊಳೆಯಿತು.

“ಅಣ್ಣಾರ” ಅಂದಳು, “ಇಷ್ಟು ದಿನ ಕೊಡಾಕ ಆಗಲಿಲ್ಲ ಅಂತ ನಿಮ್ಮ ಹೊಟ್ಟ್ಯಾಗ ಉರಿ ಐತಿ. ಇವತ್ತ ಇದ್ದದ್ದನ್ನ ಇದ್ದಂಗ ಹೇಳ್ರಿ. ಆಕಿ ಓದು ನೀವ ಕೊಟ್ಟಂಗ ಆಗ್ತೈತಿ. ಆಕಿಗೆ ನಾನ ಹೇಳ್ತೀನಿ.”

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ನಿಜ ಹೇಳಿದ.

ತಹಸೀಲ್ದಾರ್ ಕಚೇರಿಯವರು ಶೆಡ್ಡಿಗೆ ಬಂದು ವಿಚಾರಿಸಿ ಪ್ರಮಾಣಪತ್ರ ಕೊಡುವ ಹೊತ್ತಿಗೆ ತಿಂಗಳ ಕೊನೆ ಹತ್ತಿರ ಬಂದಿತ್ತು. ಅದನ್ನು ಫೋನಿನಲ್ಲಿ ಕಳಿಸಬಹುದಿತ್ತು. ಕಲ್ಲೇಶ ತಾನೇ ತಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸೀತಾಫಲದ ಬುಟ್ಟಿ. ಬಾಗಿಲು ತೆಗೆದದ್ದು ಪಿಂಕಿ.

ಅವಳಿಗೆ ಗುರುತು ಹತ್ತಿತೊ, ಬರುತ್ತಾನೆಂದು ಗೊತ್ತಿದ್ದದ್ದರಿಂದ ತಿಳಿಯಿತೊ. “ಬರ್ರಿ, ಕೂಡ್ರಿ” ಅಂದಳು, ಪರಊರಿನ ನೆಂಟರಿಗೆ ಹೇಳಿದಂತೆ. ನೀರು ಕೊಟ್ಟಳು. ಅವನು ತಂಬಿಗೆ ಹಿಡಿದುಕೊಂಡೇ ಕೂತ, ಕುಡಿಯಲಿಲ್ಲ. ಸೂರ್ಯಕಾಂತ ಒಂದೆರಡು ಮಾತು ಆಡಿಸಿದ, ಮಳೆ ಹೇಗಿದೆ, ಕಬ್ಬು ಹೇಗಿದೆ ಎಂದು. ಶಿವದೇವಿ ಎಲೆ ಹಾಕಿದಳು. ಊಟ ಮುಗಿಸಿ ಎದ್ದಾಗ ಪಿಂಕಿ ತಾನು ಬಿಡಿಸಿದ ಚಿತ್ರಗಳ ಕಟ್ಟು ತಂದು ಅವನ ಮುಂದೆ ಹರಡಿದಳು. ಯಾರೂ ತರಲು ಹೇಳಿರಲಿಲ್ಲ. ಇಳಕಲ್ ಸೀರೆಯ ಸೆರಗು, ರೈಲಿನ ಪರದೆ, ನವಿಲುಬಣ್ಣದ ಕೌದಿ. ಕಲ್ಲೇಶ ಒಂದೊಂದನ್ನೂ ನೋಡಿದ. ಮುಟ್ಟಿದರೆ ಕೊಳೆಯಾಗುತ್ತದೆ ಎಂಬಂತೆ ಕೈ ಹಿಂದೆ ಇಟ್ಟುಕೊಂಡಿದ್ದ.

“ಮುಟ್ಟಿ ನೋಡ್ರಿ ಅಪ್ಪಾ” ಅಂದಳು ಪಿಂಕಿ.

ಶಿವದೇವಿ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತಳು.

ಪಿಂಕಿಗೆ ಫೀಸು ಪೂರ್ತಿ ಮಾಫಿಯಾಯಿತು. ಹಾಸ್ಟೆಲಿನದು ಮಾತ್ರ ಉಳಿಯಿತು. ಅದನ್ನು ಸೂರ್ಯಕಾಂತ ಸಂಬಳದಿಂದ ಕಟ್ಟಿದ. ಕೊಠಡಿಗೆ ಬೇಕಾದ ಹಾಸಿಗೆ, ಬಕೆಟ್ಟು, ದೀಪ ದಾನೇಶ್ವರಿ ಕೊಡಿಸಿದಳು, ಬೇಡವೆಂದರೂ ಕೇಳಲಿಲ್ಲ. ಶೈಲಾ ದಿನಾ ಕೋಠಿಗೆ ಹೋಗಿ ಬರತೊಡಗಿದಳು. ಅಲ್ಲಿ ಆಕೆಗೆ ಸಿಕ್ಕ ಲೆಕ್ಕದ ಮೇಡಂ ಕ್ಲಾಸು ಮುಗಿದ ಮೇಲೂ ಕೂಡಿಸಿಕೊಂಡು ಹೇಳಿಕೊಡುವವರು. ಮನೆಗೆ ಬಂದರೆ ಹುಡುಗಿಯ ಬಾಯಲ್ಲಿ ಅವರದೇ ಮಾತು. ಚನ್ನಬಸಪ್ಪ ಕೂಡ ದೀಪಾವಳಿಗೆ ಬಂದಾಗ ಇಬ್ಬರಿಗೂ ಒಂದೇ ಬೆಲೆಯ ಬಟ್ಟೆ ತಂದ. ಹಳೆಯ ಮಾತು ಎತ್ತಲಿಲ್ಲ.

ಆದರೂ ಶಿವದೇವಿಯ ಮನಸ್ಸಿನಲ್ಲಿ ಒಂದು ಕೊರೆತ ಇದ್ದೇ ಇತ್ತು. ಶೈಲಾ ಅವತ್ತು ಹೇಳಿದ್ದರಲ್ಲಿ ಎಷ್ಟು ಖರೆ, ಎಷ್ಟು ತನ್ನನ್ನು ಸಮಾಧಾನ ಮಾಡಲು ಹೇಳಿದ್ದು? ಕೇಳಲು ಧೈರ್ಯವಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಹುರಿಯುತ್ತ ಕೂತಾಗ ಮಗಳೇ ಬಾಯಿಬಿಟ್ಟಳು.

“ಅಮ್ಮಾ, ಮೊದಲ ತಿಂಗಳು ನನಗ ಪಿಂಕಿ ಮ್ಯಾಲೆ ಭಾಳ ಹೊಟ್ಟಿಕಿಚ್ಚು ಇತ್ತು. ಆಕಿ ಫೋಟೊ ಕಳಿಸಿದ್ರ ನೋಡತಿದ್ದಿಲ್ಲ.”

“ಈಗ?”

“ಈಗಿಲ್ಲ. ಹೋದ ವಾರ ಆಕಿ ಒಂದು ನೇಯ್ಗಿ ನಕ್ಷೆ ತಂದಿದ್ಲು, ಎಳೆ ಲೆಕ್ಕ ಹತ್ತವಲ್ದು ಅಂತ. ನಾ ಕೂತು ಬಿಡಿಸಿಕೊಟ್ಟೆ. ಭಾಳ ಖುಷಿ ಆತು.”

ಶಿವದೇವಿಗೆ ಮಗಳು ಹೊಟ್ಟೆಕಿಚ್ಚು ಪಟ್ಟಳೆಂದು ಬೇಸರವಾಗಲಿಲ್ಲ. ಮುಚ್ಚಿಡದೆ ಹೇಳಿದಳಲ್ಲ ಎಂದು ಎದೆ ಹಗುರಾಯಿತು. ಅವತ್ತು ಶಂಶಾಬಾದಿನಿಂದ ಬರುವ ಬಸ್ಸಿನಲ್ಲಿ ತನಗೂ ಅಂಥದೇ ಆಗಿತ್ತೆಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ಶಂಶಾಬಾದಿನ ಮೇಡಂ, ದಾನೇಶ್ವರಿ, ಬೇವಿನ ಮರದ ಕೆಳಗೆ ನಿಜ ಹೇಳಲು ಒಪ್ಪಿದ ಕಲ್ಲೇಶ, ಈಗ ಪಕ್ಕದಲ್ಲಿ ಕೂತ ಈ ಹುಡುಗಿ — ಯಾರಿಗೂ ತಾನು ಬಾಯಿಬಿಟ್ಟು ಉಪಕಾರ ಹೇಳಿಲ್ಲ ಎಂದು ಆಕೆಗೆ ಅನಿಸಿತು. ಉಳಿದವರಿಗೆ ಎಳ್ಳು ಬೆಲ್ಲ ಕಟ್ಟಿ ಕಳಿಸುವುದೆಂದು ನಿಶ್ಚಯಿಸಿ, ಬಿಸಿ ಎಳ್ಳನ್ನು ಒಂದು ಹಿಡಿ ತೆಗೆದು, ಬೆಲ್ಲದ ಚೂರು ಸೇರಿಸಿ, ಮೊದಲು ಶೈಲಾಳ ಬಾಯಿಗೆ ಹಾಕಿದಳು.