ನಾನು ಕಳಿಸದ ಊರಿನ ಹೆಸರು

ಕಂಪ್ಯೂಟರಿಗೆ ನಾವು ಕೊಟ್ಟದ್ದಷ್ಟೇ ಗೊತ್ತು ಎಂದು ಎಷ್ಟೋ ಜನರಿಗೆ ಪಾಠ ಹೇಳಿದವಳು ನಾನು. ಪವಾಡದ ಕಥೆ ಹೇಳಿದವರನ್ನು ನೋಡಿ ನಕ್ಕದ್ದೂ ಉಂಟು. ಈಗ ಅಂಥದೇ ಒಂದನ್ನು ನಾನೇ ಬರೆಯುತ್ತಿದ್ದೇನೆ.

ಗಜೇಂದ್ರಗಡದ ನಾವು ಕೆಲವರು ಸೇರಿ ಸುತ್ತಲಿನ ಊರುಗಳ ರಕ್ತದಾನಿಗಳ ಪಟ್ಟಿ ಮಾಡಿದ್ದೆವು. ಅದರ ಡೇಟಾಬೇಸಿನೊಳಗೆ ನಾನೊಂದು ಸ್ಟೋರ್ಡ್ ಪ್ರೊಸೀಜರ್, ಅಂದರೆ ಕೇಳಿದ್ದನ್ನು ಹುಡುಕಿಕೊಡುವ ಸಿದ್ಧ ಆದೇಶಗಳ ಕಟ್ಟು, ಬರೆದಿಟ್ಟಿದ್ದೆ. ಅದಕ್ಕೆ ನಾವು ಕೊಡಬೇಕಾದ ವಿವರ, ಅಂದರೆ ಪ್ಯಾರಾಮೀಟರ್, ಎರಡೇ: ರಕ್ತದ ಗುಂಪು, ಊರು. ನನ್ನ ಪ್ರೋಗ್ರಾಮಿನಿಂದ ಅವೆರಡನ್ನೂ ಕಳಿಸಿದರೆ ಆ ಊರಿನ ದಾನಿಗಳ ಹೆಸರು, ಫೋನ್ ನಂಬರು ಬರುತ್ತಿದ್ದವು. ಬೇರೆ ಊರಿನವರದು ಬರುವ ಮಾತೇ ಇರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ನಿಂಗವ್ವ ಸೀರೆ ನೇಯುತ್ತಿದ್ದ ಮಗ್ಗ ಬಿಟ್ಟು ಓಡಿಬಂದರು. ಅವರ ಮಗಳು ಹೆರಿಗೆಗೆಂದು ರೋಣದ ದವಾಖಾನೆಯಲ್ಲಿದ್ದಳು.

"ಯವ್ವಾ, ಭಾಳ ರಕ್ತ ಹೊಂಟೈತಂತ. ಓ ನೆಗೆಟಿವ್ ಬೇಕಂತಾರ. ಲಗೂ ನೋಡವಾ."

ಗುಂಪನ್ನು ಆರಿಸಿ, ಊರಿನ ಜಾಗದಲ್ಲಿ ರೋಣ ಎಂದು ಟೈಪ್ ಮಾಡಿದೆ. ನಿಂಗವ್ವ ನನ್ನ ಭುಜ ಹಿಡಿದು ಪರದೆಯನ್ನೇ ನೋಡುತ್ತಿದ್ದರು. ಒಂದೇ ಒಂದು ಹೆಸರು ಬಂತು: ಫಕೀರಪ್ಪ. ಕೂಡಲೇ ಫೋನ್ ಮಾಡಿದೆ.

"ನಮ್ಮೂರು ಮೆಣಸಗಿ ರೀ," ಎಂದ ಆತ. ಅಲ್ಲಿಂದ ರೋಣಕ್ಕೆ ಬರುವಷ್ಟು ಹೊತ್ತು ನಮಗಿರಲಿಲ್ಲ. "ಆದ್ರ ಈಗ ರೋಣದ ಬಸ್‌ಸ್ಟ್ಯಾಂಡಿನ್ಯಾಗ ಅದೀನಿ. ಟ್ರ್ಯಾಕ್ಟರ್ ಸಾಮಾನಿಗೆ ಬಂದಿದ್ದೆ, ಅಂಗಡಿ ಬಂದ್ ಐತಿ. ಯಾ ದವಾಖಾನಿ ಹೇಳ್ರಿ, ಹೊಂಟೆ."

ಆತ ಐದೇ ನಿಮಿಷದಲ್ಲಿ ಅಲ್ಲಿದ್ದ. ಪರೀಕ್ಷೆ ಮಾಡಿ ರಕ್ತ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ಬಾಣಂತಿ ಕಣ್ಣು ಬಿಟ್ಟಳು. ಹೆಣ್ಣು ಕೂಸು ಚಲೋ ಇತ್ತು. ನಾನೂ ನಿಂಗವ್ವನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು.

ಆಮೇಲೆ ತಲೆಗೆ ಹೊಳೆಯಿತು. ರೋಣ ಎಂದು ಕೇಳಿದರೆ ಮೆಣಸಗಿಯವನ ಹೆಸರು ಹೇಗೆ ಬಂತು? ಮತ್ತೆ ರೋಣ ಎಂದು ಕಳಿಸಿದೆ. ಒಂದು ಹೆಸರೂ ಬರಲಿಲ್ಲ. ಪ್ರತಿ ಹುಡುಕಾಟವೂ ದಾಖಲಾಗುವ ಲಾಗ್ ತೆಗೆದು ನೋಡಿದೆ. ಆ ನಿಮಿಷಕ್ಕೆ ನನ್ನದೇ ಕಂಪ್ಯೂಟರಿನಿಂದ ಹೋಗಿದ್ದ ಎರಡನೆಯ ಪ್ಯಾರಾಮೀಟರ್ ಸ್ಪಷ್ಟವಾಗಿತ್ತು: ಮೆಣಸಗಿ.

ಕೋಡಿನ ಸಾಲುಸಾಲು ಜಾಲಾಡಿದೆ. ಊರಿನ ಜಾಗದಲ್ಲಿ ಬರೆದದ್ದು ನೇರವಾಗಿ ಪ್ರೊಸೀಜರಿಗೆ ಹೋಗುತ್ತದೆ. ನಡುವೆ ಬದಲಾಗಲು ದಾರಿಯೇ ಇಲ್ಲ. ಗಾಬರಿಯಲ್ಲಿ ನೀನೇ ತಪ್ಪು ಒತ್ತಿರಬೇಕು ಎಂದರು ಗೆಳೆಯರು. ನನಗೂ ಹಾಗೇ ಅನ್ನಿಸಿ ನಿಂಗವ್ವನನ್ನು ಕೇಳಿದೆ.

"ರೋಣ ಅಂತನ ಬರದಿ ಯವ್ವಾ. ನನ್ನ ಮಗಳು ಇದ್ದ ಊರದು, ನಾ ಮರೀತೀನೇನು?"

ಆ ಪ್ರೊಸೀಜರನ್ನು ಆಮೇಲೆ ಎಷ್ಟೋ ಸಲ ತಿದ್ದಿದ್ದೇನೆ, ಹಳೆಯ ಲಾಗ್‌ಗಳನ್ನೆಲ್ಲ ತೆಗೆದುಹಾಕಿದ್ದೇನೆ. ಮೆಣಸಗಿ ಎಂದಿರುವ ಆ ಒಂದು ಸಾಲನ್ನು ಅಳಿಸಲು ಮಾತ್ರ ಕೈ ಬಂದಿಲ್ಲ. ಅದನ್ನು ಕಳಿಸಿದವಳು ನಾನಲ್ಲ.